ಕೂಸು ಹುಟ್ಟುವ ಮುನ್ನ ಕುಲಾವಿಯೇ?

ನಮ್ಮ ಶಾಲೆಯು ಐವತ್ತು ವಸಂತಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದ್ದಾರೆ. ಶಾಲೆಯ ಹುಟ್ಟು, ಬೆಳವಣಿಗೆ, ದಾನಿಗಳ ಔದಾರ್ಯ, ಹಿಂದಿನ ಉಪಾಧ್ಯಾಯರ ಶ್ರಮ ಇವುಗಳನ್ನು ಕುರಿತು ಬರೆಯುವವರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ಆದುದರಿಂದ ನಾನು ಹಿಂದಿನದನ್ನು ಅವರಿಗೆ ಬಿಟ್ಟು, ಮುಂದಿನ ಒಂದು ವಿಷಯವನ್ನು, ಎಂದರೆ ನಮ್ಮ ಮಕ್ಕಳನ್ನು ಕಾಲೇಜಿಗೆ ಸಿದ್ಧಗೊಳಿಸುವ ವಿಷಯವನ್ನು ಕುರಿತು, ನನ್ನ ಕೆಲವು ಅಭಿಪ್ರಾಯಗಳನ್ನು ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಮುಂದೆ ಇಡಬಯಸುತ್ತೇನೆ.

ನಿವೃತ್ತನಾದ ಮೇಲೂ ನನ್ನ ಮನೆಗೆ ಪೋಷಕರು ಬರುವುದು ನಿಂತಿಲ್ಲ. ಬರುವವರಲ್ಲಿ ಎರಡು ಬಗೆಯವರನ್ನು ಕಾಣುತ್ತೇನೆ. "ಮೇಷ್ಟ್ರೇ, ಹುಡುಗ ಐದನೇ ಕ್ಲಾಸು ಮುಗಿಸಿದ. ಇನ್ನೂ ಕನ್ನಡ ಶಾಲೆಯಲ್ಲೇ ಬಿಟ್ಟರೆ ಮುಂದೆ ಕಾಲೇಜಿನಲ್ಲಿ ಸೀಟು ಸಿಕ್ಕೀತೇ? ಟಿ.ಸಿ. ತೆಗೆದುಕೊಂಡುಬಿಡಲೇ?" ಎಂದು ಆತಂಕದಿಂದ ಕೇಳುವವರು ಒಂದು ಬಗೆ. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮಾರನೆಯ ದಿನ ಅಂಕಪಟ್ಟಿಯನ್ನು ಹಿಡಿದುಕೊಂಡು "ಇನ್ನು ಏನು ಮಾಡಬೇಕು ಮೇಷ್ಟ್ರೇ?" ಎಂದು ಕೇಳುವವರು ಇನ್ನೊಂದು ಬಗೆ. ಐದಾರು ವರ್ಷಗಳ ಮುಂಚೆಯೇ ಸ್ವಲ್ಪ ಯೋಚಿಸಬಾರದಿತ್ತೇ ಎಂದರೆ ಈ ಎರಡನೆಯವರು ನಕ್ಕು, "ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೇ?" ಎನ್ನುತ್ತಾರೆ.

ಗಾದೆ ಹಿರಿಯರದು, ಅದನ್ನು ಅಲ್ಲಗಳೆಯುವ ಉದ್ಧಟತನ ನನಗಿಲ್ಲ. ಆದರೆ ಅದೇ ಹಿರಿಯರು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದೂ ಹೇಳಿದ್ದಾರೆ. ಕಾಲೇಜಿನ ಅರ್ಜಿಯನ್ನು ತುಂಬುವುದು ಹನ್ನೆರಡನೆಯ ತರಗತಿ ಮುಗಿದ ಮೇಲೆ, ನಿಜ. ಆದರೆ ಆ ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗತೊಡಗುವುದು ಆರನೆಯ ತರಗತಿಯಲ್ಲಿ. ಇದು ಎಲ್ಲ ಊರಿನವರಿಗೂ ಸ್ವಲ್ಪಮಟ್ಟಿಗೆ ಸಲ್ಲುವ ಮಾತಾದರೂ, ಎರಡು ರಾಜ್ಯಗಳ ಗಡಿಯಲ್ಲಿ, ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ತಮಿಳುನಾಡಿನಲ್ಲಿ ಬದುಕುತ್ತಿರುವ ನಮಗೆ ಪೂರ್ಣವಾಗಿ ಸಲ್ಲುತ್ತದೆ. ಈ ಸಂಗತಿಯನ್ನು ಅರಿಯದೆ, ಕಾಲೇಜಿನ ಹೆಸರಿನಲ್ಲಿಯೇ ನಮ್ಮ ಪೋಷಕರು ಕಾಲೇಜಿನ ಬಾಗಿಲನ್ನು ಮುಚ್ಚಿಕೊಳ್ಳುತ್ತಿದ್ದಾರೆ. ಜೊತೆಗೆ ಕನ್ನಡ ಶಾಲೆಯ ಬಾಗಿಲನ್ನೂ ಮುಚ್ಚಿಸುತ್ತಿದ್ದಾರೆ ಎಂಬುದೇ ನನ್ನ ಕಳವಳ.

ನಮ್ಮೂರಿನ ಹಳೆಯ ಉದಾಹರಣೆ

ಕಾಲೇಜು ಎಂಬುದು ತೊರಪಲ್ಲಿಗೆ ಹೊಸ ಮಾತೇನಲ್ಲ. ಚಕ್ರವರ್ತಿ ರಾಜಗೋಪಾಲಾಚಾರ್ಯರು 1878ರ ಡಿಸೆಂಬರ್ 10ರಂದು ಹುಟ್ಟಿದ್ದು ಇದೇ ಊರಿನಲ್ಲಿ. ಅವರ ತಂದೆ ಚಕ್ರವರ್ತಿ ವೆಂಕಟಾರ್ಯ ಅಯ್ಯಂಗಾರ್ಯರು ಊರಿನ ಮುನಸೀಫರು. ಬಾಲಕ ನಮ್ಮೂರ ಶಾಲೆಯಲ್ಲಿ ಅಕ್ಷರ ಕಲಿತು, ಐದನೆಯ ವಯಸ್ಸಿನಲ್ಲಿ ಕುಟುಂಬದೊಡನೆ ಹೊಸೂರಿಗೆ ಹೋಗಿ, ಅಲ್ಲಿನ ಸರ್ಕಾರಿ ಶಾಲೆಗೆ ಸೇರಿದನು. 1891ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1894ರಲ್ಲಿ ಪದವಿ ಪಡೆದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1897ರಲ್ಲಿ ಕಾನೂನು ಪದವಿಯನ್ನೂ ಪಡೆದು ಸೇಲಂನಲ್ಲಿ ವಕೀಲರಾದರು. ಮುಂದೆ ಅವರು ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದದ್ದನ್ನು ಎಲ್ಲರೂ ಬಲ್ಲರು. ಆದರೆ ಹಳ್ಳಿಯ ಶಾಲೆ, ತಾಲ್ಲೂಕಿನ ಶಾಲೆ, ಬೆಂಗಳೂರು, ಮದರಾಸು ಎಂಬ ಈ ಮೆಟ್ಟಿಲುಗಳ ಸಾಲನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಆ ಕಾಲದಲ್ಲಿಯೂ ಗಡಿ ಇತ್ತು. ಹೊಸೂರು ಬ್ರಿಟಿಷರ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. ಬೆಂಗಳೂರು ಮಹಾರಾಜರ ಮೈಸೂರು ಸಂಸ್ಥಾನದಲ್ಲಿತ್ತು. ಆದರೆ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೇ ಸೇರಿತ್ತು. ಆದ್ದರಿಂದ ಗಡಿ ದಾಟಿದ ಹುಡುಗ ಅದೇ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕುಳಿತನು. ಇಂದು ಹಾಗಿಲ್ಲ. ಹೊಸೂರಿನಿಂದ ಬೆಂಗಳೂರಿಗೆ ನಲವತ್ತು ಕಿಲೋಮೀಟರಾದರೂ ನಡುವೆ ಎರಡು ಸರ್ಕಾರಗಳು, ಎರಡು ಪ್ರವೇಶ ಪದ್ಧತಿಗಳು, ಎರಡು ಮೀಸಲಾತಿ ಪಟ್ಟಿಗಳು ಇವೆ. ಜುಜುವಾಡಿಯ ಚೆಕ್‌ಪೋಸ್ಟನ್ನು ಬಸ್ಸು ಐದು ನಿಮಿಷದಲ್ಲಿ ದಾಟುತ್ತದೆ. ಪ್ರಮಾಣಪತ್ರಗಳು ಅಷ್ಟು ಸುಲಭವಾಗಿ ದಾಟುವುದಿಲ್ಲ.

ಮಕ್ಕಳು ತಂದೆಯ ಕಸುಬನ್ನೇ ಹಿಡಿಯಬೇಕೆಂಬ ಕಟ್ಟು ಇರಬಾರದೆಂಬ ಪೋಷಕರ ಹಂಬಲವನ್ನು ನಾನು ಹೀಗಳೆಯಲಾರೆ. ನಮ್ಮೂರಿನ ಆ ಮಹನೀಯರೇ 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಗಳಾಗಿದ್ದಾಗ, ಮಕ್ಕಳು ದಿನದ ಒಂದು ಪಾಲು ಶಾಲೆಯಲ್ಲಿಯೂ ಇನ್ನೊಂದು ಪಾಲು ಮನೆಯ ಕಸುಬಿನಲ್ಲಿಯೂ ಕಳೆಯಲೆಂಬ ಯೋಜನೆಯನ್ನು ತಂದರು. ಜನ ಅದನ್ನು ಒಪ್ಪಲಿಲ್ಲ. 1954ರಲ್ಲಿ ಅವರು ಅಧಿಕಾರ ಬಿಟ್ಟ ಮೇಲೆ ಆ ಯೋಜನೆಯೂ ಹೋಯಿತು. ರೈತನ ಮಗ ರೈತನೇ, ಕುಂಬಾರನ ಮಗ ಕುಂಬಾರನೇ ಆಗಬೇಕೆಂಬುದನ್ನು ತಂದೆತಾಯಿಗಳು ಸಹಿಸಲಾರರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಂಬಲ ನ್ಯಾಯವಾದುದು. ಅದಕ್ಕೆ ತಕ್ಕ ತಿಳಿವಳಿಕೆ ಮಾತ್ರ ನಮ್ಮಲ್ಲಿ ಸಾಲದು.

ಆರನೆಯ ತರಗತಿಯ ಕವಲುದಾರಿ

2020ರಲ್ಲಿ ತಮಿಳುನಾಡು ಸರ್ಕಾರವು ವೈದ್ಯಕೀಯ ಶಿಕ್ಷಣದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ಶೇಕಡಾ 7.5ರಷ್ಟು ಒಳಮೀಸಲಾತಿಯನ್ನು ಕಾನೂನಿನ ಮೂಲಕ ಕಲ್ಪಿಸಿತು. ಅದುವರೆಗೆ ವೈದ್ಯಕೀಯ ಕಾಲೇಜನ್ನು ಸೇರುತ್ತಿದ್ದ ಸರ್ಕಾರಿ ಶಾಲೆಯ ಮಕ್ಕಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಮೊದಲನೆಯ ವರ್ಷವೇ ಸುಮಾರು 400 ಮಂದಿಗೆ ಸ್ಥಾನ ದೊರೆಯಿತು. 2021ರಲ್ಲಿ ಇದನ್ನು ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಮೀನುಗಾರಿಕೆ, ಕಾನೂನು ಮುಂತಾದ ಶಿಕ್ಷಣಗಳಿಗೂ ವಿಸ್ತರಿಸಿದರು. ಈ ಕೋಟಾದಲ್ಲಿ ಆಯ್ಕೆಯಾದವರ ಶುಲ್ಕವನ್ನೂ ಹಾಸ್ಟೆಲಿನ ವೆಚ್ಚವನ್ನೂ ಸರ್ಕಾರವೇ ಭರಿಸುತ್ತದೆ. ನಮ್ಮ ಜಿಲ್ಲೆಗೂ 2022ರ ಜನವರಿಯಲ್ಲಿ ಉದ್ಘಾಟನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜು ಕೃಷ್ಣಗಿರಿಯಲ್ಲಿ ಬಂದಿದೆ. ಬರಗೂರಿನಲ್ಲಿ 1994ರಿಂದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ.

ಇದರ ಷರತ್ತನ್ನು ಪೋಷಕರು ಎರಡು ಸಾರಿ ಓದಬೇಕು. ಮಗು ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ ಓದಿರಬೇಕು. ಬೋಧನ ಮಾಧ್ಯಮ ತಮಿಳೇ ಆಗಿರಬೇಕೆಂದು ಅದರಲ್ಲಿ ಇಲ್ಲ. ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವೂ ಅರ್ಹ. ಅನುದಾನಿತ ಖಾಸಗಿ ಶಾಲೆಯ ಓದು ಮಾತ್ರ ಇದಕ್ಕೆ ಸೇರುವುದಿಲ್ಲ. ಬಡ ಮಕ್ಕಳಿಗಾಗಿ ಶಿಕ್ಷಣ ಹಕ್ಕು ಕಾಯಿದೆಯಡಿ ಖಾಸಗಿ ಶಾಲೆಯಲ್ಲಿ ಎಂಟರವರೆಗೆ ಓದಿ ಒಂಬತ್ತರಿಂದ ಸರ್ಕಾರಿ ಶಾಲೆಗೆ ಬಂದವರಿಗೆ ಒಂದು ವಿನಾಯಿತಿ ಇದೆ. ಹಣ ಕೊಟ್ಟು ಓದಿಸಿದವರಿಗೆ ಅದಿಲ್ಲ.

ನನಗೆ ತಿಳಿದ ಒಂದು ರೈತ ಕುಟುಂಬದ ಕಥೆ ಹೀಗಿದೆ. ಜಾಣೆಯಾದ ಮಗಳನ್ನು ಡಾಕ್ಟರಳನ್ನಾಗಿ ಮಾಡಬೇಕೆಂಬ ಆಸೆಯಿಂದಲೇ ಐದನೆಯ ತರಗತಿ ಮುಗಿದೊಡನೆ ಕನ್ನಡ ಶಾಲೆಯಿಂದ ಬಿಡಿಸಿ, ಗುಲಾಬಿ ತೋಟದ ಆದಾಯವನ್ನೆಲ್ಲ ಸುರಿದು ಖಾಸಗಿ ಇಂಗ್ಲಿಷ್ ಶಾಲೆಗೆ ಸೇರಿಸಿದರು. ಕೊರೋನಾ ಕಾಲದಲ್ಲಿ ಹೂವಿನ ಮಾರುಕಟ್ಟೆ ಮುಚ್ಚಿತು. ಶುಲ್ಕ ಕಟ್ಟಲಾಗದೆ ಒಂಬತ್ತನೆಯ ತರಗತಿಗೆ ಸರ್ಕಾರಿ ಶಾಲೆಗೆ ಕರೆತಂದರು. ಹುಡುಗಿ ಹನ್ನೆರಡನೆಯ ತರಗತಿಯಲ್ಲಿ ಚೆನ್ನಾಗಿಯೇ ಅಂಕ ಪಡೆದಳು, ನೀಟ್ ಪರೀಕ್ಷೆಯಲ್ಲಿಯೂ ಅರ್ಹಳಾದಳು. ಆದರೆ ಆರು, ಏಳು, ಎಂಟು ಎಂಬ ಮೂರು ತರಗತಿಗಳು ಅವಳಿಗೆ ಅಡ್ಡಬಂದವು. ಅವಳಿಗಿಂತ ಕಡಿಮೆ ಅಂಕ ಪಡೆದ ಗೆಳತಿ, ಇಡೀ ಓದನ್ನು ಸರ್ಕಾರಿ ಶಾಲೆಯಲ್ಲಿ ಮುಗಿಸಿದವಳು, ವೈದ್ಯಕೀಯ ಕಾಲೇಜನ್ನು ಸೇರಿದಳು, ಇವಳು ಬಿ.ಎಸ್ಸಿ. ಸೇರಿದಳು. ಬಿ.ಎಸ್ಸಿ. ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಆ ತಂದೆ ಡಾಕ್ಟರ್ ಓದಿಗೆಂದು ಖರ್ಚು ಮಾಡಿದ ಹಣವೇ ಡಾಕ್ಟರ್ ಓದನ್ನು ತಪ್ಪಿಸಿತಲ್ಲ ಎಂಬುದನ್ನು ನೆನೆದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಆರನೆಯ ತರಗತಿಗೇ ಗಂಟುಬಿದ್ದಿರುವ ಬೇರೆ ಸೌಲಭ್ಯಗಳೂ ಇವೆ. ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡರವರೆಗೆ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ 'ಪುದುಮೈ ಪೆಣ್' ಯೋಜನೆ 2022ರ ಸೆಪ್ಟೆಂಬರಿನಲ್ಲಿಯೂ, ಗಂಡುಮಕ್ಕಳಿಗಾಗಿ 'ತಮಿಳ್ ಪುದಲ್ವನ್' ಯೋಜನೆ 2024ರ ಆಗಸ್ಟಿನಲ್ಲಿಯೂ ಆರಂಭವಾದವು. ಎಂಟನೆಯ ತರಗತಿಯಲ್ಲಿ ಬರೆಯುವ ರಾಷ್ಟ್ರೀಯ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದ ಬಡ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ ಒಟ್ಟು 48,000 ರೂಪಾಯಿ ದೊರೆಯುತ್ತದೆ. ಇದಕ್ಕೆ ಸರ್ಕಾರಿ ಶಾಲೆಯವರಲ್ಲದೆ ಅನುದಾನಿತ ಶಾಲೆಯವರೂ ಅರ್ಹರು. ಎಂಟನೆಯ ತರಗತಿಯಲ್ಲಿ ಈ ಪರೀಕ್ಷೆಯನ್ನು ಬರೆಯದ ಮಗುವಿಗೆ ಮುಂದೆ ಇದನ್ನು ಬರೆಯುವ ಅವಕಾಶವಿಲ್ಲ.

ಇದರಿಂದ ಎಲ್ಲರೂ ಸರ್ಕಾರಿ ಶಾಲೆಗೇ ಸೇರಿಸಿರೆಂದು ನಾನು ಆಜ್ಞಾಪಿಸುತ್ತಿಲ್ಲ. ಯಾವ ಶಾಲೆಯಿಂದ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ಐದನೆಯ ತರಗತಿಯ ಬೇಸಿಗೆ ರಜೆಯಲ್ಲಿಯೇ ಲೆಕ್ಕ ಹಾಕಿರಿ ಎಂಬುದಷ್ಟೇ ನನ್ನ ಅರಿಕೆ.

ಗಡಿ ದಾಟುವ ಮುನ್ನ

ಬೆಂಗಳೂರಿನ ಕಾಲೇಜೇ ಬೇಕೆನ್ನುವವರು ನಮ್ಮಲ್ಲಿ ಬಹಳ. ಅದಕ್ಕಾಗಿ ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಮಗುವನ್ನು ಅತ್ತಿಬೆಲೆ, ಆನೇಕಲ್ಲಿನ ಕಡೆಯ ಶಾಲೆಗೆ ಬಸ್ಸಿನಲ್ಲಿ ಕಳುಹಿಸುತ್ತಾರೆ. ಕರ್ನಾಟಕದ ಸಿ.ಇ.ಟಿ. ನಿಯಮಗಳಲ್ಲಿ ಮುಖ್ಯವಾದ ಅರ್ಹತೆ, ಒಂದನೆಯ ತರಗತಿಯಿಂದ ಎರಡನೆಯ ಪಿ.ಯು.ಸಿ.ಯವರೆಗೆ ಒಟ್ಟು ಏಳು ವರ್ಷಗಳನ್ನಾದರೂ ಕರ್ನಾಟಕದಲ್ಲಿ ಓದಿರಬೇಕೆಂಬುದು. ಎಂಟರಿಂದ ಪಿ.ಯು.ಸಿ.ಯವರೆಗೆ ಲೆಕ್ಕ ಹಾಕಿದರೆ ಐದೇ ವರ್ಷ. ಇತ್ತ ತಮಿಳುನಾಡಿನ ಇಂಜಿನಿಯರಿಂಗ್ ಪ್ರವೇಶದಲ್ಲಿ ಎಂಟರಿಂದ ಹನ್ನೆರಡರವರೆಗಿನ ಓದಿನಲ್ಲಿ ಒಂದು ಭಾಗವಾದರೂ ಹೊರರಾಜ್ಯದಲ್ಲಿ ನಡೆದಿದ್ದರೆ ನೇಟಿವಿಟಿ ಸರ್ಟಿಫಿಕೇಟನ್ನು ಕೇಳುತ್ತಾರೆ, ಶೇಕಡಾ 7.5ರ ಕೋಟಾ ಮೊದಲೇ ಕೈತಪ್ಪಿರುತ್ತದೆ. ಹೀಗೆ ಮಗು ಅತ್ತ ದರಿ, ಇತ್ತ ಪುಲಿ ಎಂಬಂತಾಗುತ್ತದೆ. ತಂದೆತಾಯಿಗಳ ಓದು ಅಥವಾ ನೌಕರಿಯ ಆಧಾರದ ಮೇಲೆ ದೊರೆಯುವ ಬೇರೆ ಅರ್ಹತೆಗಳೂ ಕರ್ನಾಟಕದಲ್ಲಿ ಇವೆಯಾದರೂ, ನಮ್ಮ ರೈತ ಕುಟುಂಬಗಳಿಗೂ ಸಿಪ್‌ಕಾಟ್ ಕಾರ್ಖಾನೆಗಳ ಕಾರ್ಮಿಕ ಕುಟುಂಬಗಳಿಗೂ ಅವು ಒದಗುವುದು ಕಡಿಮೆ.

ಆದರೆ ಅದೇ ನಿಯಮಾವಳಿಯಲ್ಲಿ ನಮಗೆಂದೇ ಇರುವ ಒಂದು ಬಾಗಿಲನ್ನು ಬಹಳ ಮಂದಿ ನೋಡಿಯೇ ಇಲ್ಲ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಾಗಿದ್ದು ಕರ್ನಾಟಕದ ಹೊರಗೆ ನೆಲೆಸಿ ಓದಿದ ಹೊರನಾಡ ಮತ್ತು ಗಡಿನಾಡ ಕನ್ನಡಿಗ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕಲಮುಗಳಿವೆ. ಮಾತಿನಲ್ಲಿ ನಾವು ಗಡಿನಾಡಿನವರು. ಆದರೆ ಆ ನಿಯಮಗಳಲ್ಲಿ ಗಡಿನಾಡು ಎಂಬ ಮಾತು ಮಹಾಜನ ಆಯೋಗದ ವರದಿಯನ್ನು ಅನುಸರಿಸಿ ಬಂದದ್ದು. ಆ ಆಯೋಗ ವಿಚಾರ ಮಾಡಿದ್ದು ಮಹಾರಾಷ್ಟ್ರ, ಮೈಸೂರು, ಕೇರಳಗಳ ಗಡಿಯನ್ನು. ತಮಿಳುನಾಡು ಅದರಲ್ಲಿ ಸೇರಿರಲಿಲ್ಲ. ಆದುದರಿಂದ ನಾವು ಯಾವ ಕಲಮಿಗೆ ಸೇರುತ್ತೇವೆಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲಿ ಅಕ್ಷರಕ್ಷರವಾಗಿ ಓದಿ ಅರ್ಜಿ ತುಂಬಬೇಕು. ತಮಿಳುನಾಡಿನ ತಹಸೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರದಿಂದ ಕರ್ನಾಟಕದಲ್ಲಿ ಮೀಸಲಾತಿ ದೊರೆಯುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ಈ ಕಲಮಿನಡಿ ಅರ್ಜಿ ಹಾಕಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬೆಂಗಳೂರಿನ ಕಾಲೇಜಿಗೆ ಹೋಗಲೆಂದು ಕನ್ನಡ ಶಾಲೆಯಿಂದ ಬಿಡಿಸಿದ ಮಗು, ಕನ್ನಡವನ್ನು ಓದಿ ಬರೆಯಲಾರದೆ, ಬೆಂಗಳೂರಿಗೆ ಒಯ್ಯುವ ಈ ಹಾದಿಯಲ್ಲಿಯೇ ಎಡವುವುದಾದರೆ ಅದಕ್ಕಿಂತ ವಿಪರ್ಯಾಸ ಬೇರೇನಿದೆ? ನಮ್ಮ ಶಾಲೆಯಲ್ಲಿ ಕಲಿಸುವ ಅಕ್ಷರಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲವೆಂದು ಹೇಳುವವರು ಈ ಒಂದು ಕಲಮನ್ನು ಓದಿ ನೋಡಲಿ.

ಒಂದು ಹೆಸರು, ಮೂರು ಲಿಪಿ

ಇನ್ನು ಕಾಗದಪತ್ರಗಳ ವಿಷಯ. ಇದು ನೀರಸವಾದ ವಿಷಯವಾದರೂ, ಹೆಚ್ಚು ಕಣ್ಣೀರು ಹರಿಸಿರುವುದೂ ಇದೇ. ನಮ್ಮ ಮಗುವಿನ ಹೆಸರು ಮನೆಯಲ್ಲಿ ಕನ್ನಡ, ದಾಖಲೆಯಲ್ಲಿ ತಮಿಳು, ಅರ್ಜಿಯಲ್ಲಿ ಇಂಗ್ಲಿಷ್. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ತಕಾರ ದಕಾರಗಳಿಗೂ ಪಕಾರ ಬಕಾರಗಳಿಗೂ ಹಾಗೆಯೇ. ಮಹಾಪ್ರಾಣಗಳು ಇಲ್ಲವೇ ಇಲ್ಲ. ಹೀಗಾಗಿ 'ಭಾಗ್ಯ' ಎಂಬ ಹೆಸರು ತಮಿಳಿನಲ್ಲಿ ಒಂದು ರೂಪ ತಾಳಿ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ 'ಪಾಕ್ಯ' ಆಗಿಬಿಡುವುದುಂಟು. ಜನನ ಪತ್ರದಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಶಾಲಾ ದಾಖಲೆಯಲ್ಲಿ ಮತ್ತೊಂದು ಬರೆಸಿಕೊಂಡ ಮಗು, ಹದಿನೇಳನೆಯ ವಯಸ್ಸಿನಲ್ಲಿ ತಾನು ತಾನೇ ಎಂದು ರುಜುವಾತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ತಂದೆಯ ಹೆಸರಿನ ಇನಿಷಿಯಲ್ಲಿನ ಪಾಡೂ ಇದೇ.

ಇದಕ್ಕೆ ಪರಿಹಾರ ಸುಲಭ; ಬೇಕಾದದ್ದು ಕಾಲಾವಕಾಶ ಮಾತ್ರ. ಮಗುವಿನ ಹೆಸರನ್ನು ಮೂರು ಲಿಪಿಗಳಲ್ಲಿಯೂ ಒಂದು ಹಾಳೆಯ ಮೇಲೆ ಬರೆದು ಮನೆಯಲ್ಲಿ ಇಟ್ಟುಕೊಳ್ಳಬೇಕು. ಎಲ್ಲಿ ಬರೆಸಿದರೂ ಅದನ್ನೇ ತೋರಿಸಿ ಬರೆಸಬೇಕು. ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಶಾಲೆಯಿಂದ ಹೆಸರುಗಳ ಪಟ್ಟಿ ಹೋಗುವ ಮುನ್ನ ಒಂದೊಂದು ಅಕ್ಷರವನ್ನೂ ನೋಡಿ ತಿದ್ದಿಸಿಕೊಳ್ಳಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಸಾಹಸ. ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿಯಿದ್ದರೆ ನೋಂದಣಿಯಾದ ಹದಿನೈದು ವರ್ಷಗಳೊಳಗೆ ಸೇರಿಸಿಬಿಡಬೇಕು. ಜಾತಿ ಪ್ರಮಾಣಪತ್ರ ಒಮ್ಮೆ ಪಡೆದರೆ ಸಾಕು. ಅದನ್ನು ಆರನೆಯ ತರಗತಿಯಲ್ಲಿಯೇ ಇ-ಸೇವೆ ಕೇಂದ್ರದಲ್ಲಿ ಅರ್ಜಿ ಕೊಟ್ಟು ಮಾಡಿಸಿಕೊಳ್ಳಬಹುದು. ಆದಾಯ ಪ್ರಮಾಣಪತ್ರ ಮಾತ್ರ ವರ್ಷವರ್ಷವೂ ಹೊಸದು ಬೇಕು. ಮನೆಯಲ್ಲಿ ಈವರೆಗೆ ಯಾರೂ ಪದವೀಧರರಿಲ್ಲದಿದ್ದರೆ ಇಂಜಿನಿಯರಿಂಗ್ ಮುಂತಾದ ಶಿಕ್ಷಣಗಳಲ್ಲಿ ಶುಲ್ಕದ ರಿಯಾಯಿತಿಗಾಗಿ ಮೊದಲ ಪದವೀಧರ ಪ್ರಮಾಣಪತ್ರವಿದೆ. ನಮ್ಮ ಎಷ್ಟೋ ಮನೆಗಳಿಗೆ ಅದು ಸಲ್ಲುತ್ತದೆ. ಕೇಳಿ ಪಡೆಯುವವರು ಕಡಿಮೆ.

ಮೂರು ಭಾಷೆಗಳ ತಯಾರಿ

ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಮುಂದೆ ತೊಡಕೇ ಇಲ್ಲವೆಂದು ಹೇಳಿದರೆ ಅದು ಆತ್ಮವಂಚನೆಯಾದೀತು. ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನವೂ ಗಣಿತವೂ ಇಂಗ್ಲಿಷಿಗೆ ತಿರುಗಿದಾಗ ನಮ್ಮ ಮಕ್ಕಳು ಮೊದಲ ಆರು ತಿಂಗಳು ತತ್ತರಿಸುತ್ತಾರೆ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೌಕರಿಯಲ್ಲಿ 2010ರ ಕಾಯಿದೆಯಂತೆ ದೊರೆಯುವ ಶೇಕಡಾ 20ರ ಆದ್ಯತೆ ನಮ್ಮವರಿಗಿಲ್ಲ. ಇವು ನಿಜವಾದ ಕಷ್ಟಗಳು. ಆದರೆ ಕಷ್ಟವಿದೆಯೆಂದು ಬೇರನ್ನೇ ಕೀಳಬೇಕೇ, ಬೇರಿಗೆ ನೀರೆರೆದು ಕೊಂಬೆಗಳನ್ನು ಹಬ್ಬಿಸಬೇಕೇ ಎಂಬುದು ಪ್ರಶ್ನೆ.

ವಿಷಯವನ್ನು ಕನ್ನಡದಲ್ಲಿ ಚೆನ್ನಾಗಿ ಅರಿತ ಮಗುವಿಗೆ ಇಂಗ್ಲಿಷಿನಲ್ಲಿ ಬೇಕಾಗುವುದು ಹೊಸ ಪದಗಳು ಮಾತ್ರ. ಅರ್ಥವಾಗದೆ ಇಂಗ್ಲಿಷಿನಲ್ಲಿ ಉರುಹೊಡೆದ ಮಗುವಿಗೆ ಪದಗಳಿದ್ದರೂ ವಿಷಯವಿರುವುದಿಲ್ಲ. ಆರನೆಯ ತರಗತಿಯಿಂದಲೇ ದಿನಕ್ಕೆ ಐದು ಪಾರಿಭಾಷಿಕ ಪದಗಳನ್ನು ಎರಡು ಭಾಷೆಗಳಲ್ಲಿಯೂ ಬರೆಸಿರಿ. ದ್ಯುತಿಸಂಶ್ಲೇಷಣೆ ಎಂದರೆ ಫೋಟೋಸಿಂಥೆಸಿಸ್, ಜಡತ್ವ ಎಂದರೆ ಇನರ್ಷಿಯಾ, ವೇಗೋತ್ಕರ್ಷ ಎಂದರೆ ಆಕ್ಸಲರೇಷನ್. ವರ್ಷಕ್ಕೆ ಇನ್ನೂರು ದಿನ ಶಾಲೆ ನಡೆದರೆ ಸಾವಿರ ಪದಗಳು. ಹತ್ತನೆಯ ತರಗತಿಯ ಹೊತ್ತಿಗೆ ಐದು ಸಾವಿರ. ಇದಕ್ಕೆ ಎರಡು ನೋಟ್ ಪುಸ್ತಕಗಳ ಹೊರತು ಖರ್ಚಿಲ್ಲ.

ತಮಿಳನ್ನೂ ಮನಸ್ಸಿಟ್ಟು ಕಲಿಸಬೇಕು. 2006ರ ತಮಿಳು ಕಲಿಕೆಯ ಕಾಯಿದೆ ಒಂದೊಂದೇ ತರಗತಿಯಾಗಿ ಏರಿ 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಟ್ಟಿದಾಗ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಗಳಿಗೆ ಹೋಗಿ ಆಗಾಗ ವಿನಾಯಿತಿ ಪಡೆದದ್ದುಂಟು. ಮಾತೃಭಾಷೆಯನ್ನು ಓದುವ ಹಕ್ಕನ್ನು ಕಾಪಾಡಿಕೊಳ್ಳುವುದು ಸರಿಯೇ. ಆದರೆ ವಿನಾಯಿತಿ ಎಂಬುದು ಒಂದು ಪರೀಕ್ಷೆಯನ್ನು ದಾಟಿಸುತ್ತದೆ, ಜೀವನವನ್ನು ದಾಟಿಸುವುದಿಲ್ಲ. 2021ರ ಆಜ್ಞೆಯ ಮೇರೆಗೆ ರಾಜ್ಯದ ನೌಕರಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯಲ್ಲಿ ಶೇಕಡಾ 40 ಅಂಕ ಪಡೆಯಲೇಬೇಕಾಗಿದೆ. ನೆರೆಮನೆಯ ಭಾಷೆಯನ್ನು ಸಂತೆಯಲ್ಲಿ ಮಾತನಾಡುವ ನಾವು ಅದನ್ನು ಪುಸ್ತಕದಲ್ಲಿ ಓದಲು ಹಿಂಜರಿಯುವುದೇಕೆ? ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುತ್ತ ಬೆಳೆಯುವ ಹೊಸೂರು ಸೀಮೆಯ ಮಗುವಿಗೆ ಭಾಷೆ ಎಂದೂ ಭಾರವಾಗಿರಲಿಲ್ಲ.

ಕನ್ನಡದಲ್ಲಿಯೇ ಪ್ರವೇಶ ಪರೀಕ್ಷೆ ಬರೆಯಬಹುದೆಂಬುದೂ ಅನೇಕರಿಗೆ ತಿಳಿಯದು. ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2017ರಿಂದಲೂ, ಜೆ.ಇ.ಇ. ಮೇನ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2021ರಿಂದಲೂ ಕನ್ನಡದಲ್ಲಿ ದೊರೆಯುತ್ತಿದೆ. ಆದರೆ ಕನ್ನಡ ಪತ್ರಿಕೆ ಬೇಕೆಂದವರು ಕರ್ನಾಟಕದ ಪರೀಕ್ಷಾ ಕೇಂದ್ರವನ್ನೇ ಆರಿಸಿಕೊಳ್ಳಬೇಕು. ಬೆಂಗಳೂರು ನಮಗೆ ದೂರವೇನಲ್ಲ; ಅರ್ಜಿ ತುಂಬುವ ದಿನ ಇದು ನೆನಪಿದ್ದರೆ ಸಾಕು.

ಯಾವುದು ತಯಾರಿಯಲ್ಲ

ಮುಂಚಿತವಾಗಿ ಸಿದ್ಧರಾಗಿರೆಂದು ಹೇಳಿದೊಡನೆ ಕೆಲವರು ಆರನೆಯ ತರಗತಿಯ ಮಗುವನ್ನು 'ಫೌಂಡೇಷನ್ ಕೋರ್ಸ್' ಎಂಬ ಹೆಸರಿನ ಕೋಚಿಂಗಿಗೆ ದೂಡುತ್ತಾರೆ. ಬೆಳಿಗ್ಗೆ ಶಾಲೆ, ಸಂಜೆ ಕೋಚಿಂಗ್, ಭಾನುವಾರ ಪರೀಕ್ಷೆ. ಆಟವಿಲ್ಲ, ಕಥೆಪುಸ್ತಕವಿಲ್ಲ, ಹೊಲಗದ್ದೆಗಳ ಪರಿಚಯವಿಲ್ಲ. ಹತ್ತನೆಯ ತರಗತಿಯ ಹೊತ್ತಿಗೆ ಆ ಮಗುವಿಗೆ ಪುಸ್ತಕವೆಂದರೆ ಹೇಸಿಕೆ. ಕುಲಾವಿಯ ಗಾದೆ ಇಂಥವರಿಗೆ ಚೆನ್ನಾಗಿ ಒಪ್ಪುತ್ತದೆ. ತಮಿಳುನಾಡಿನ ಇಂಜಿನಿಯರಿಂಗ್ ಪ್ರವೇಶಕ್ಕೆ 2007ರಿಂದ ಬೇರೆ ಪ್ರವೇಶ ಪರೀಕ್ಷೆಯೇ ಇಲ್ಲ. ಹನ್ನೆರಡನೆಯ ತರಗತಿಯ ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಒಟ್ಟು 200ಕ್ಕೆ ಕಟ್ ಆಫ್ ಲೆಕ್ಕ ಹಾಕುತ್ತಾರೆ. ಇದಕ್ಕೆ ಬೇಕಾದುದು ಮಗ್ಗಿ, ಭಿನ್ನರಾಶಿ, ಬೀಜಗಣಿತಗಳ ಗಟ್ಟಿಯಾದ ತಳಹದಿ. ಅದನ್ನು ಒಳ್ಳೆಯ ಶಾಲೆಯೂ ಮನೆಯಲ್ಲಿ ದಿನಕ್ಕೆ ಒಂದು ಗಂಟೆಯ ಶಾಂತಿಯೂ ಕೊಡಬಲ್ಲವು.

ಮಗುವಿಗೆ ಏನು ಬೇಕೆಂದು ಕೇಳದೆ ಮಾಡುವ ತಯಾರಿಯೂ ತಯಾರಿಯಲ್ಲ. ಡಾಕ್ಟರ್, ಇಂಜಿನಿಯರ್ ಇವೆರಡೇ ಲೋಕದ ಉದ್ಯೋಗಗಳೆಂಬಂತೆ ನಾವು ಮಾತನಾಡುತ್ತೇವೆ. ಗುಲಾಬಿಯನ್ನೂ ತರಕಾರಿಯನ್ನೂ ದೂರದೂರದ ಮಾರುಕಟ್ಟೆಗಳಿಗೆ ಕಳುಹಿಸುವ ನಮ್ಮ ಸೀಮೆಯಿಂದ ತೋಟಗಾರಿಕೆಯನ್ನು ಓದಲು ಹೋಗುವ ಮಕ್ಕಳು ಎಷ್ಟು ಮಂದಿ? ಬಾಗಿಲುಗಳನ್ನು ತೆರೆದಿಡುವುದು ಪೋಷಕರ ಕೆಲಸ. ಯಾವ ಬಾಗಿಲಿನೊಳಗೆ ಹೋಗಬೇಕೆಂಬುದು ಮಕ್ಕಳ ಆಯ್ಕೆ. ಹೆಣ್ಣುಮಗುವಿನ ಅರ್ಜಿಯನ್ನು 'ದೂರವಾಗುತ್ತದೆ' ಎಂಬ ಒಂದೇ ಮಾತಿನಿಂದ ಹರಿದುಹಾಕುವ ಅಭ್ಯಾಸವನ್ನಂತೂ ನಾವು ಬಿಡಲೇಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ

ಮೇಲೆ ಹೇಳಿದ ಸಂಗತಿಗಳಲ್ಲಿ ರಹಸ್ಯವಾದುದು ಒಂದೂ ಇಲ್ಲ. ಎಲ್ಲವೂ ಸರ್ಕಾರದ ಪ್ರಕಟಣೆಗಳಲ್ಲಿ ಇರುವಂಥವೇ. ಓದಿದ ತಂದೆತಾಯಿಗಳಿಗೆ ಅವು ತಾವಾಗಿ ತಿಳಿಯುತ್ತವೆ. ನಸುಕಿನಲ್ಲಿ ಹೂ ಬಿಡಿಸಲು ಹೋಗುವ ತಾಯಿಗೂ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ತಂದೆಗೂ ಯಾರಾದರೂ ಹೇಳಿದರೆ ತಾನೇ ತಿಳಿಯುವುದು? ಅವರಿಗೆ ತಿಳಿಸುವ ಹೊಣೆ ಶಾಲೆಯದು, ಶಾಲೆಯ ಋಣದಲ್ಲಿರುವ ನಮ್ಮೆಲ್ಲರದು.

ಆದುದರಿಂದ ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ಫಲಕ ಇವುಗಳ ಜೊತೆಗೆ ಇನ್ನೊಂದು ಕೆಲಸವನ್ನು ಕೈಗೊಳ್ಳಬೇಕೆಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ. ತಿಂಗಳಿಗೊಂದು ಭಾನುವಾರ, ಎರಡು ಗಂಟೆ ಕಾಲ, ಶಾಲೆಯ ಒಂದು ಕೊಠಡಿಯಲ್ಲಿ ನಿಮ್ಮಲ್ಲಿ ಇಬ್ಬರು ಕುಳಿತುಕೊಳ್ಳಿರಿ. ಐದನೆಯ ತರಗತಿಯಿಂದ ಮೇಲಿನ ಪ್ರತಿಯೊಂದು ಮಗುವಿಗೂ ಒಂದು ರಿಜಿಸ್ಟರಿನಲ್ಲಿ ಒಂದೊಂದು ಪುಟ ತೆರೆಯಿರಿ: ಹೆಸರು ಮೂರು ಲಿಪಿಗಳಲ್ಲಿ, ಇರುವ ಪ್ರಮಾಣಪತ್ರಗಳು, ಇಲ್ಲದವು, ಬರೆಯಬೇಕಾದ ಪರೀಕ್ಷೆಗಳು. ನಿಯಮಗಳು ವರ್ಷವರ್ಷ ಬದಲಾಗುತ್ತವೆ. ನಾನು ಇಲ್ಲಿ ಬರೆದುದನ್ನೂ ಹೊಸ ಪ್ರಕಟಣೆಯೊಡನೆ ಹೋಲಿಸಿ ನೋಡಿ ಆಮೇಲೆ ಹೇಳಿರಿ. ಈಗ ಕಾಲೇಜಿನಲ್ಲಿರುವ ನಮ್ಮ ಮಕ್ಕಳು ಬಂದು ತಮ್ಮ ತಮ್ಮಂದಿರಿಗೂ ತಂಗಿಯರಿಗೂ ಒಂದು ಗಂಟೆ ಗಣಿತ ಹೇಳಿಕೊಟ್ಟರೆ ಕೋಚಿಂಗಿನ ಮನೆಗಳ ಮುಂದೆ ನಿಲ್ಲುವ ಪ್ರಮೇಯ ತಪ್ಪೀತು.

ಇದರಿಂದ ಶಾಲೆಗೂ ಉಳಿವುಂಟು. ಕನ್ನಡ ಉಳಿಯಲಿ ಎಂಬ ಭಾಷಣದಿಂದ ಒಬ್ಬ ಪೋಷಕನೂ ಮಗುವನ್ನು ಇಲ್ಲಿಗೆ ಕಳುಹಿಸುವುದಿಲ್ಲ. ಈ ಶಾಲೆಯಲ್ಲಿ ಓದಿದ ಮಗು ಕಾಲೇಜಿಗೂ ಹೋಗುತ್ತದೆ, ಅದರ ದಾರಿಯನ್ನು ಈ ಶಾಲೆಯೇ ತೋರಿಸಿಕೊಡುತ್ತದೆ ಎಂಬ ನಂಬಿಕೆ ಊರಿನಲ್ಲಿ ಹುಟ್ಟಿದ ದಿನ, ಟಿ.ಸಿ. ಕೇಳಲು ಬರುವವರ ಬದಲು ಸೇರಿಸಿಕೊಳ್ಳಿರೆಂದು ಕೇಳಲು ಬರುವವರನ್ನು ಕಾಣುತ್ತೇವೆ. ಐವತ್ತು ವರ್ಷ ಅಕ್ಷರದಾನ ಮಾಡಿದ ಈ ಸಂಸ್ಥೆ ಮುಂದಿನ ಐವತ್ತು ವರ್ಷ ದಾರಿದೀಪವೂ ಆಗಲಿ. ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆಯುವ ಪದವೀಧರರು ಇಂದಿನ ಐದನೆಯ ತರಗತಿಯಿಂದಲೇ ಹೊರಬರಲಿ ಎಂದು ತಾಯಿ ಶಾರದೆಯಲ್ಲಿ ಪ್ರಾರ್ಥಿಸುತ್ತೇನೆ.

— ನಿವೃತ್ತ ಮುಖ್ಯೋಪಾಧ್ಯಾಯ, ತೊರಪಲ್ಲಿ ಅಗ್ರಹಾರ